ಹೊಸೂರಿನ ಹಳೆ ಗಾಡಿ ಯಜಮಾನ

ಹಳೆಯ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ದಿನಾ ಅದರಲ್ಲೇ ಕೆಲಸಕ್ಕೆ ಹೋಗಿಬರುವ ಗೃಹಸ್ಥ ಹೊಸೂರು ಸೀಮೆಯಲ್ಲಿ ತೀರಾ ಅಪರೂಪದವನಲ್ಲ. ವಯಸ್ಸು ನಲವತ್ತೈದರ ಆಸುಪಾಸು. ಕೆಲಸ ಸಿಪ್ಕಾಟ್‌ನ ಯಾವುದೋ ಕಾರ್ಖಾನೆಯಲ್ಲಿ, ಇಲ್ಲವೇ ಗಡಿಯಾಚೆ ಬೆಂಗಳೂರಿನಲ್ಲಿ. ಮನೆ ಬಾಗಲೂರು ರಸ್ತೆಯ ಕಡೆ ಎದ್ದಿರುವ ಹೊಸ ಬಡಾವಣೆಯಲ್ಲಿ. ಮಗಳ ಶಾಲೆಯ ಫೀಸು, ಮನೆಸಾಲದ ಕಂತು, ಅತ್ತೆಯ ಮಂಡಿನೋವು, ಎಲ್ಲವೂ ಎಲ್ಲರಿಗಿರುವಷ್ಟೇ. ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿದೆಯೆಂದು ಕೇಳಿದರೆ ಹೆಂಡತಿಯ ಮುಖ ನೋಡುವ ಈತ, ಕಾರಿನ ಕ್ಲಚ್ ಪ್ಲೇಟ್ ಯಾವ ತಿಂಗಳು ಯಾವ ಅಂಗಡಿಯಲ್ಲಿ ಎಷ್ಟಕ್ಕೆ ತಂದದ್ದೆಂಬುದನ್ನು ನಿದ್ದೆಯಲ್ಲೂ ಹೇಳಬಲ್ಲ.

ಇಲ್ಲಿ ಸ್ಪೋರ್ಟ್ಸ್ ಕಾರು ಎಂದರೆ ನೆಲಕ್ಕೆ ಅಂಟಿಕೊಂಡಂತಿರುವ ಎರಡು ಬಾಗಿಲಿನ ವಿದೇಶಿ ಗಾಡಿಯೇ ಆಗಬೇಕಿಲ್ಲ. ಅಂಥದ್ದನ್ನು ನಮ್ಮ ದೇಶ ಮಾಡಿದ್ದೇ ಕಡಿಮೆ. ಗೋವಾದಲ್ಲಿ ತಯಾರಾದ, ಫೈಬರ್ ಮೈಯ, ಎರಡೇ ಸೀಟಿನ ಸ್ಯಾನ್ ಸ್ಟಾರ್ಮ್ ಇತ್ತು. ಅದನ್ನು ಕಂಡವರಿಗಿಂತ ಅದರ ಬಗ್ಗೆ ಕೇಳಿದವರೇ ಜಾಸ್ತಿ. ಅದಕ್ಕೂ ಹಿಂದೆ, ಎಂಬತ್ತರ ದಶಕದಲ್ಲಿ, ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ ಬಂದಿತ್ತು. ಅದೂ ಫೈಬರ್ ಮೈಯದೇ. ಸಂಸಾರಸ್ಥರಿಗೆಂದು ಮಾಡಿದ ಪುಟ್ಟ ಗಾಡಿಯಾದರೂ ತೂಕ ಕಡಿಮೆಯೆಂಬ ಕಾರಣಕ್ಕೆ ರೇಸಿನವರು ಅದನ್ನು ತಮ್ಮದಾಗಿಸಿಕೊಂಡರು. ಹೀಗಾಗಿ ಈ ಸೀಮೆಯ ಯಜಮಾನನ ಪಾಲಿಗೆ ಉಳಿಯುವುದು 2000ದ ಆಚೀಚೆ ಮಾರುಕಟ್ಟೆಗೆ ಬಂದ ಜೋರಿನ ಪೆಟ್ರೋಲ್ ಕಾರುಗಳು: 106 ಅಶ್ವಶಕ್ತಿಯ ಹೋಂಡಾ ಸಿಟಿ ವಿಟೆಕ್, ಫೋರ್ಡ್ ಐಕಾನ್ 1.6, ಫಿಯೆಟ್ ಪಾಲಿಯೋ 1.6, ಸ್ವಲ್ಪ ಕಾಸಿದ್ದವರಿಗೆ 150 ಅಶ್ವಶಕ್ತಿಯ ಟರ್ಬೊ ಎಂಜಿನ್ನಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಅದೇ ಕಾಲದ ಮಾರುತಿ 800ಕ್ಕೆ ಇದ್ದದ್ದು 37. ಈ 37ನ್ನು ನೆನಪಿಟ್ಟುಕೊಂಡರೆ ಮಾತ್ರ 106ರ ಮಹಿಮೆ ತಿಳಿಯುತ್ತದೆ. ನೆನಪಿಟ್ಟುಕೊಳ್ಳುವ ಶ್ರಮ ಕೇಳುಗನಿಗೆ ಬೇಕಿಲ್ಲ. ಯಜಮಾನನೇ ದಿನಾ ನೆನಪಿಸುತ್ತಾನೆ.

ಗಾಡಿ ಸಿಗುವುದು ಬೆಂಗಳೂರಿನಲ್ಲಿ. ಮಾರುವ ಬ್ರೋಕರ್ ಮೊದಲು ಹೇಳುವ ಮಾತು, “ಡಾಕ್ಟರ್ ಇಟ್ಕೊಂಡಿದ್ದ ಗಾಡಿ ಸಾರ್, ಭಾನುವಾರ ಮಾತ್ರ ಆಚೆ ತೆಗೀತಿದ್ರು.” ಮಾರಾಟಕ್ಕೆ ಬರುವ ಹಳೆ ಕಾರುಗಳನ್ನು ನೋಡಿದರೆ ಆ ಕಾಲದಲ್ಲಿ ಬೆಂಗಳೂರಿನ ಡಾಕ್ಟರುಗಳ ಹೊರತು ಬೇರಾರೂ ಕಾರು ಕೊಂಡಂತೆ ಕಾಣುವುದಿಲ್ಲ. ಬೆಲೆ ಈಗಿನ ಒಂದು ದೊಡ್ಡ ಬೈಕಿಗಿಂತ ಕಡಿಮೆ. ಉಳಿದ ದುಡ್ಡನ್ನು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಕಂತಿನ ಮೇಲೆ ವಸೂಲು ಮಾಡಿಕೊಳ್ಳುತ್ತವೆ. ಕಾರು ತಯಾರಿಸಿದ ಕಂಪನಿ ಆ ಮಾದರಿಯನ್ನು ಮರೆತು ಎಷ್ಟೋ ವರ್ಷವಾಗಿರುತ್ತದೆ. ಆದರೂ ಜೆ.ಸಿ. ರಸ್ತೆಯ ಅಟ್ಟದ ಮೇಲೆ, ಧೂಳು ಹಿಡಿದ ಡಬ್ಬದೊಳಗೆ, ಅದರ ವಾಟರ್ ಪಂಪ್ ಒಂದು ಇದ್ದೇ ಇರುತ್ತದೆ. ಅದು ಸಿಕ್ಕ ದಿನ ಯಜಮಾನ ಮನೆಗೆ ಮೈಸೂರು ಪಾಕು ತರುತ್ತಾನೆ.

ಕೊಂಡ ಮೇಲೆ ಗಡಿ ಸಮಸ್ಯೆ. ಗಾಡಿಯ ನಂಬರು ಕೆಎ, ಮನೆ ಇರುವುದು ಟಿಎನ್ 70ರ ಊರಿನಲ್ಲಿ. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಉಳಿದರೆ ಅಲ್ಲಿನ ನಂಬರು ಹಾಕಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಯಜಮಾನನ ವಾದವೇ ಬೇರೆ: ಗಾಡಿ ಬೆಳಿಗ್ಗೆ ಏಳಕ್ಕೆ ಜೂಜುವಾಡಿ ದಾಟಿ ಕರ್ನಾಟಕಕ್ಕೆ ಹೋಗುತ್ತದೆ, ರಾತ್ರಿ ಎಂಟಕ್ಕೆ ಬರುತ್ತದೆ, ಹಾಗಾದರೆ ಅದು ಎಲ್ಲಿ ‘ಉಳಿಯಿತು’? ಎಚ್ಚರವಾಗಿರುವುದು ಅಲ್ಲಿ, ಇಲ್ಲಿ ಬರೀ ನಿದ್ದೆ. ಈ ತತ್ತ್ವವನ್ನು ಆತ ಅತ್ತಿಬೆಲೆಯಲ್ಲಿ ಕನ್ನಡದಲ್ಲೂ ಈಚೆ ಬಂದು ತಮಿಳಿನಲ್ಲೂ ಮಂಡಿಸಬಲ್ಲ. ಕೇಳಿದ ಅಧಿಕಾರಿಗಳು ಒಪ್ಪಿದ್ದಿಲ್ಲ, ಬೇಸತ್ತು ಬಿಟ್ಟುಕಳಿಸಿದ್ದುಂಟು. ಕಡೆಗೆ ನಂಬರು ಬದಲಾಗುತ್ತದೆ; ಆಮೇಲೆ ಕರ್ನಾಟಕದ ಪೊಲೀಸರು ನಿಲ್ಲಿಸಲು ಶುರುಮಾಡುತ್ತಾರೆ.

ನಡೆಸುವ ರೀತಿಯಲ್ಲಿ ವೇಗಕ್ಕೆ ಹೆಚ್ಚು ಸ್ಥಾನವಿಲ್ಲ. ಚಂದಾಪುರ, ಹೆಬ್ಬಗೋಡಿಗಳ ಜಂಗುಳಿಯಲ್ಲಿ 37 ಅಶ್ವಶಕ್ತಿಯೂ 150 ಅಶ್ವಶಕ್ತಿಯೂ ಸೆಕೆಂಡ್ ಗೇರಿನಲ್ಲಿ ಒಂದೇ ಲಾರಿಯ ಹಿಂದೆ ತೆವಳುತ್ತವೆ. ಕಾರು ತಗ್ಗು, ಹಂಪು ಬಂದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಬೇಕು. ಬಡಾವಣೆಯ ಬಾಯಲ್ಲಿರುವ ಹಂಪು ಇನ್ನೂ ಎತ್ತರದ್ದು, ತುಂಬಿದ ಗಾಡಿಗೆ ಚೇಂಬರ್ ತಾಗುತ್ತದೆ. ಆದ್ದರಿಂದ ಜೊತೆಗಿರುವವರು ಇಳಿದು, ಹಂಪನ್ನು ಕಾಲ್ನಡಿಗೆಯಲ್ಲಿ ದಾಟಿ, ಆಚೆ ಬದಿಯಲ್ಲಿ ಮತ್ತೆ ಹತ್ತುವುದು ವಾಡಿಕೆ. ಟಿಫನ್ ಡಬ್ಬಿ ಹಿಡಿದು ಹಂಪು ದಾಟುವ ದೊಡ್ಡ ಮನುಷ್ಯನನ್ನು ಬಡಾವಣೆಯ ಮಕ್ಕಳು ದಿನಾ ನೋಡುತ್ತಾರೆ.

ಈ ಜೊತೆಗಾರನ ಬಗ್ಗೆ ಎರಡು ಮಾತು ಅಗತ್ಯ. ಸಹಪ್ರಯಾಣಿಕನಿಲ್ಲದೆ ಹಳೆ ಸ್ಪೋರ್ಟ್ಸ್ ಕಾರಿನ ಯಜಮಾನ ಪೂರ್ಣನಾಗುವುದಿಲ್ಲ. ಸಹಪ್ರಯಾಣಿಕ ಸಾಮಾನ್ಯವಾಗಿ ಪಕ್ಕದ ಮನೆಯವನು, ಬಸ್ ಚಾರ್ಜು ಉಳಿಯುತ್ತದೆಂಬ ದುರಾಸೆಗೆ ಸಿಕ್ಕಿಬಿದ್ದವನು. ಅವನ ಮೇಲೆ ಕನಿಕರ ಬೇಡ. ಕಾರಿನ ಬಗ್ಗೆ ಅವನಿಗೆ ತಿಳಿದಿರುವುದು ಸೀಟು ಎಲ್ಲಿದೆ ಎಂಬುದಷ್ಟೇ. ಆದರೆ ಯಜಮಾನನಿಗೆ ಬೇಕಾದದ್ದು ಅವನ ತಿಳಿವಳಿಕೆಯಲ್ಲ, ಅವನ ಕಿವಿ.

“ಕೇಳಿಸ್ತಾ?” ಎಂಬ ಪ್ರಶ್ನೆ ಬರುವುದು ಎಲೆಕ್ಟ್ರಾನಿಕ್ ಸಿಟಿ ದಾಟಿ, ಬೊಮ್ಮನಹಳ್ಳಿಯವರೆಗೆ ಹೋಗುವ ಎಲಿವೇಟೆಡ್ ರಸ್ತೆಯನ್ನು ಹತ್ತಿದಾಗ. 2010ರಲ್ಲಿ ಶುರುವಾದ ಈ ರಸ್ತೆ ಹತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನಲವತ್ತು ಕಿಲೋಮೀಟರಿನ ಪಯಣದಲ್ಲಿ ಕಾರು ಓಡುವುದು ಇಲ್ಲಿ ಮಾತ್ರ. ಓಡಿದಾಗಲೇ ಸದ್ದು. ಕೂಡಲೇ ಗಾಜು ಏರುತ್ತದೆ, ಎಸಿ ನಿಲ್ಲುತ್ತದೆ, ರೇಡಿಯೋ ಬಾಯಿ ಮುಚ್ಚುತ್ತದೆ, ಸಹಪ್ರಯಾಣಿಕ ಫೋನಿನಲ್ಲಿ ಮಾತಾಡುತ್ತಿದ್ದರೆ ಅದೂ ಮುಗಿಯುತ್ತದೆ. ಏಪ್ರಿಲ್ ತಿಂಗಳಾದರೂ ರಿಯಾಯಿತಿ ಇಲ್ಲ. ಇಬ್ಬರು ಗಂಡಸರು ಬೆವರುತ್ತ, ಉಸಿರು ಬಿಗಿಹಿಡಿದು, ಒಂದು ‘ಟಕ್’ಗಾಗಿ ಕಾಯುತ್ತಾರೆ. “ಟಕ್ ಅಲ್ಲ, ಟೊಕ್,” ಎಂದು ಯಜಮಾನ ತಿದ್ದುತ್ತಾನೆ.

ಕೇಳಿಸಲಿಲ್ಲ ಎಂದರೆ ನಾಳೆ ಮತ್ತೆ ಪರೀಕ್ಷೆ. ಕೇಳಿಸಿತು ಎಂದರೆ ಮುಂದಿನ ಪ್ರಶ್ನೆ: “ಎಡಗಡೆಯಿಂದಾನಾ, ಬಲಗಡೆಯಿಂದಾನಾ?” ಅಂದಾಜಿಗೆ ಎಡ ಎಂದು ಬಾಯಿಬಿಟ್ಟರೆ ಆ ಶನಿವಾರ ಎಡಗಡೆಯ ಲೋವರ್ ಆರ್ಮ್ ಬುಷ್ ಬದಲಾಗುತ್ತದೆ. ಸೋಮವಾರ ಟೊಕ್. ಬಲಗಡೆಯದೂ ಬದಲಾಗುತ್ತದೆ. ಟೊಕ್. ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟಿಂಗ್, ಒಂದಾದ ಮೇಲೊಂದು ಬಿಲ್ಲು. ಸಿಪ್ಕಾಟ್ ಬಳಿಯ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿ ಆಲಿಸಿದ. ತಳಿ ರಸ್ತೆಯಲ್ಲಿ ಎರಡು ಸಲ ಓಡಿಸಿ ನೋಡಿದ. “ಗಾಡಿ ಕ್ಲೀನಾಗಿದೆ ಸಾರ್,” ಎಂದ. ಯಜಮಾನ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲವೆಂದು ಮನೆಯವರ ಹೇಳಿಕೆ.

ಬಳಿಕ ಹಿಂದಿನ ಸೀಟನ್ನು ಮಡಚಿ, ಸಹಪ್ರಯಾಣಿಕನನ್ನು ಬೋರಲಾಗಿ ಮಲಗಿಸಿ, ತಲೆಯನ್ನು ಡಿಕ್ಕಿಯೊಳಗೆ ಇಡಿಸಿ, ಸದ್ದಿನ ಮೂಲ ಪತ್ತೆಹಚ್ಚುವ ಪ್ರಯೋಗ ನಡೆಯಿತು. ಇಂಥದ್ದಕ್ಕೆ ವಿದ್ಯಾವಂತರು ಒಪ್ಪುವುದುಂಟೇ ಎಂದು ಓದುಗರಿಗೆ ಅನುಮಾನ ಬರಬಹುದು, ಒಪ್ಪುತ್ತಾರೆ. ಹಳೆಯ ಗಾಜಿನ ಮೇಲಿನ ಫಾಸ್ಟ್ಯಾಗ್ ಎಂದಿನಂತೆ ಓದಿಸಿಕೊಳ್ಳದ್ದರಿಂದ ಟೋಲಿನ ಹುಡುಗ ಕೈಯಂತ್ರ ಹಿಡಿದು ಹತ್ತಿರ ಬಂದ. ಒಳಗೆ ಬಗ್ಗಿದಾಗ ಕಂಡದ್ದು ಶೂ ಹಾಕಿದ ಎರಡು ಕಾಲು. “ಏನ್ ಸಾರ್ ಇದು?” ಎಂದ. “ಸೌಂಡ್ ಚೆಕ್ ಮಾಡ್ತಿದ್ದಾರೆ,” ಎಂದ ಯಜಮಾನ, ಅದಕ್ಕಿಂತ ಸಹಜವಾದದ್ದು ಲೋಕದಲ್ಲಿ ಇನ್ನೊಂದಿಲ್ಲವೆಂಬ ದನಿಯಲ್ಲಿ. ಡಿಕ್ಕಿಯಿಂದ ಯಾವ ಹೇಳಿಕೆಯೂ ಬರಲಿಲ್ಲ.

ಕಡೆಗೆ ಒಂದು ಭಾನುವಾರ ಮೆಕ್ಯಾನಿಕ್‌ನನ್ನೇ ಕೂರಿಸಿಕೊಂಡು ಎಲಿವೇಟೆಡ್ ರಸ್ತೆಗೆ ಬಂದದ್ದಾಯಿತು. ಆತ ಎರಡು ಟೊಕ್ ಕೇಳಿದ, ಮೂರನೆಯದಕ್ಕೆ ನಕ್ಕ. “ಸಾರ್, ಇದು ಗಾಡಿ ಸೌಂಡಲ್ಲ. ರೋಡ್ ಸೌಂಡು.” ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಅದಕ್ಕೆಂದೇ ಸೇತುವೆಯ ಉದ್ದಕ್ಕೂ ಅಲ್ಲಲ್ಲಿ ಸಂದು ಬಿಟ್ಟು ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಕೂರಿಸಿರುತ್ತಾರೆ. ಚಕ್ರ ಅದರ ಮೇಲೆ ಹಾಯ್ದಾಗಲೆಲ್ಲ ಸದ್ದು. ಯಜಮಾನ ಬೊಮ್ಮನಹಳ್ಳಿಯವರೆಗೂ ಮಾತಾಡಲಿಲ್ಲ. ಇಳಿಜಾರಿನಲ್ಲಿ ಕೇಳಿದ: “ಮತ್ತೆ ಬೇರೆ ಕಾರಲ್ಲಿ ಯಾಕಣ್ಣಾ ಕೇಳಿಸಲ್ಲ?”

“ಅವುಗಳ ಸಸ್ಪೆನ್ಷನ್ ಮೆತ್ತಗಿರತ್ತೆ ಸಾರ್. ಇದು ಗಟ್ಟಿ.”

ಮಾರನೆಯ ದಿನ ಅದೇ ಜಾಗದಲ್ಲಿ ಗಾಜು ಏರಿತು, ಎಸಿ ನಿಂತಿತು. “ಕೇಳಿಸ್ತಾ? ಒಂದೊಂದು ಜಾಯಿಂಟನ್ನೂ ನಮ್ಮ ಗಾಡಿ ಎಣಿಸಿ ಹೇಳತ್ತೆ. ಬೇರೆ ಕಾರಲ್ಲಿ ಕೂತ್ರೆ ರೋಡ್ ಮೇಲೆ ಇದೀವಿ ಅಂತಾನೇ ಗೊತ್ತಾಗಲ್ಲ.” ಅಲ್ಲಿಯವರೆಗೆ ರೋಗವಾಗಿದ್ದದ್ದು ಒಂದೇ ರಾತ್ರಿಯಲ್ಲಿ ಗುಣವಾಗಿತ್ತು, ಕೇಳುವ ಶಿಕ್ಷೆ ಮಾತ್ರ ಹಾಗೇ ಉಳಿಯಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊದ ಹಳದಿ ಮಾರ್ಗ ಬಂದ ಮೇಲೆ ಈ ಸೀಮೆಯಲ್ಲಿ ಸಹಪ್ರಯಾಣಿಕರ ಸಂತತಿ ಇಳಿಮುಖವಾಗಿದೆ. ಬೊಮ್ಮಸಂದ್ರದವರೆಗೆ ಬಸ್ಸು, ಆಮೇಲೆ ರೈಲು. ಹಂಪು ಇಳಿಯುವ ಕಷ್ಟವಿಲ್ಲ. ಆದರೂ ಹಳೆಯ ಅಭ್ಯಾಸ ಕೆಟ್ಟದ್ದು. ಬೋಗಿಯ ಎಡಗಡೆಯಿಂದ ಏನೋ ಸದ್ದು ಬರುತ್ತಿದೆಯಲ್ಲವೇ ಎಂದು ಪಕ್ಕದಲ್ಲಿ ನಿಂತವರನ್ನು ಕೇಳಬೇಕೆನಿಸುತ್ತದೆ.

ಮನೆಯವರ ವಿಷಯ ಸಂಕ್ಷಿಪ್ತ. ಹೆಂಡತಿ ಮಾರುಕಟ್ಟೆಗೆ ಹೋಗುವುದು ಸ್ಕೂಟಿಯಲ್ಲಿ. ಅದು ಒಂದೇ ಗುಂಡಿಗೆ ಸ್ಟಾರ್ಟಾಗುವುದನ್ನು ಆಕೆ ಗಂಡನ ಎದುರೇ ಮಾಡಿ ತೋರಿಸುತ್ತಾಳೆ. ಅತ್ತೆಯನ್ನು ಮುಂದಿನ ಸೀಟಿಗೆ ಇಳಿಸಲು ಒಬ್ಬರು ಸಾಕು, ಮೇಲೆತ್ತಲು ಇಬ್ಬರು ಬೇಕು. ಆಯುಧಪೂಜೆಯ ದಿನ ಕಾರಿಗೆ ಬಾಳೆಕಂದು, ಹಾರ, ಎದುರಿಗೆ ಬೂದುಗುಂಬಳ ಎಲ್ಲವೂ ಉಂಟು. ಕುಂಕುಮ ಮಾತ್ರ ಗಾಜಿಗೆ, ಪೇಂಟಿನ ಮೇಲೆ ಬೆರಳಿಡುವಂತಿಲ್ಲ. ಪುರೋಹಿತರಿಗೂ ಇದು ಗೊತ್ತು.

ಪೆಟ್ರೋಲ್ ಬಂಕಿನಲ್ಲಿ ಟಿವಿಎಸ್ ಮೊಪೆಡ್ಡಿನ ಹಿಂದೆ ಎಲೆಕೋಸಿನ ಮೂಟೆ ಕಟ್ಟಿಕೊಂಡು ಬಂದ ರೈತ “ಎಷ್ಟು ಮೈಲೇಜ್ ಕೊಡತ್ತೆ ಸಾಮೀ?” ಎಂದು ಕೇಳಿದಾಗ ಮಾತ್ರ ಯಜಮಾನ ಮೌನಿ. ಪ್ರಶ್ನೆ ಈ ಊರಿಗೆ ತಕ್ಕದ್ದೇ. 1980ರಲ್ಲಿ ಇಬ್ಬರು ಕೂರಬಹುದಾದ ಟಿವಿಎಸ್ 50 ಹೊರಬಿದ್ದದ್ದು ಹೊಸೂರಿನಿಂದ. ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆ ಇಲ್ಲಿ ಶುರುವಾದದ್ದೂ ಆ ವರ್ಷವೇ. ಅಂದಿನಿಂದ ಊರಿನ ಅರ್ಧ ಜನ ಶಿಫ್ಟಿನ ಮೇಲೆ ಗಾಡಿ ಕಟ್ಟುತ್ತಾರೆ, ಒಂದರಂತೆ ಇನ್ನೊಂದು, ಎಲ್ಲವೂ ಹೊಸತು, ಎಲ್ಲವೂ ಲೆಕ್ಕಕ್ಕೆ ಸಿಕ್ಕುವಂಥವು. ಯಜಮಾನನೂ ಹಾಗೆ ಕಟ್ಟಿದವನೇ. 2001ರ ಸುಮಾರಿಗೆ ಟ್ರೇನಿಯಾಗಿ ಸೇರಿದಾಗ, ನೀಲಿ ಸಮವಸ್ತ್ರದಲ್ಲಿ ಕಂಪನಿ ಬಸ್ಸಿಗೆ ಕಾಯುತ್ತ ನಿಂತಿದ್ದ ಒಂದು ಬೆಳಗಿನಲ್ಲಿ, ಇದೇ ಮಾದರಿಯ ಕೆಂಪು ಕಾರೊಂದು ಹೆದ್ದಾರಿಯಲ್ಲಿ ಹಾದುಹೋಗಿತ್ತು. ಆಗಿನ ಸ್ಟೈಪೆಂಡಿನಲ್ಲಿ ಅದರ ಟೈರು ಬರುತ್ತಿರಲಿಲ್ಲ. ಈ ಸಂಗತಿಯನ್ನು ಆತ ಹೇಳಿದ್ದು ಒಂದೇ ಸಲ, ಅದೂ ಜಾಮಿನಲ್ಲಿ ಎಂಜಿನ್ ಆರಿಸಿ ಕುಳಿತಾಗ. ಸೈಲೆನ್ಸರ್ ವಿಷಯ ಗಂಟೆಗಟ್ಟಲೆ ಹೇಳುವವನು ಇದನ್ನು ಎರಡು ವಾಕ್ಯದಲ್ಲಿ ಮುಗಿಸಿಬಿಟ್ಟ. ಈಗಿನ ಕಾರುಗಳ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ಕಿನ ಮುಚ್ಚಳ, ಕೆಟ್ಟರೆ ಲ್ಯಾಪ್‌ಟಾಪ್ ಸಿಕ್ಕಿಸಿ ಕೋಡ್ ಓದುತ್ತಾರೆ. ಒಂದು ಯಂತ್ರದ ಸದ್ದಿಗೆ ಇಷ್ಟು ಕಾತರದಿಂದ ಕಿವಿಗೊಡುವ ಮನುಷ್ಯ ಮನೆಯಲ್ಲಿ ಹೆಂಡತಿಯ ಮಾತಿಗೂ ಅಷ್ಟೇ ಕಿವಿಗೊಡುತ್ತಾನೆಯೇ ಎಂಬುದು ಬೇರೆ ಪ್ರಶ್ನೆ, ಆಕೆಯನ್ನೇ ಕೇಳಬೇಕು.

ಈಚಿನ ಚಿಂತೆ ಎಥನಾಲ್. ಬಂಕುಗಳಲ್ಲೀಗ ಬರುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಹಳೆ ಗಾಡಿಯ ರಬ್ಬರ್ ಹೋಸುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಯಜಮಾನ ಎಲ್ಲ ಹೋಸುಗಳನ್ನೂ ಬದಲಿಸಿ, ಹಳೆಯವನ್ನು ಗ್ಯಾರೇಜಿನ ಮೊಳೆಗೆ ನೇತುಹಾಕಿದ್ದಾನೆ. ಪ್ರತಿ ವರ್ಷ ಒಮ್ಮೆಯಾದರೂ ಕಾರು ಮಾರುತ್ತೇನೆಂದು ಹೊರಡುವುದೂ ಉಂಟು. ಕೊಳ್ಳಲು ಬಂದವನನ್ನು ಕೂರಿಸಿ, ಯಾವ ಆಯಿಲ್ ಹಾಕುತ್ತೀಯ, ಮಳೆಯಲ್ಲಿ ಎಲ್ಲಿ ನಿಲ್ಲಿಸುತ್ತೀಯ, ಮೆಕ್ಯಾನಿಕ್ ಯಾರು ಎಂದು ಕೇಳಿ, ಹೆಣ್ಣು ಕೊಡುವ ಮಾವನಂತೆ ಎಲ್ಲರಲ್ಲೂ ಐಬು ಹುಡುಕಿ ಕಳಿಸುತ್ತಾನೆ.

ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು; 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಹಳೆಯ ಗಾಡಿಗಳನ್ನು ರಸ್ತೆಯಿಂದ ಇಳಿಸುವುದು ಸರಕಾರದ ಉದ್ದೇಶ. ಯಜಮಾನ ಹತ್ತು ಸಾವಿರ ಕಟ್ಟಿ, ಎಫ್‌ಸಿ ಮಾಡಿಸಿಕೊಂಡು, ಇನ್ನು ಐದು ವರ್ಷಕ್ಕೆ ಹೊಸ ಆರ್‌ಸಿ ತಂದಿದ್ದಾನೆ. ಮುಂದಿನ ಸೀಟು ಸದ್ಯಕ್ಕೆ ಖಾಲಿ ಇದೆ. ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ.