ಹೆಸರಿನಿಂದ ‘ಗ್ರಾಮ’ ತೆಗೆಯುವ ಮುನ್ನ

ಮಾನ್ಯ ಮುಖ್ಯಮಂತ್ರಿಗಳಿಗೂ ಸಚಿವ ಸಂಪುಟದ ಎಲ್ಲ ಸದಸ್ಯರಿಗೂ, ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಮೇಷ್ಟರ ನಮಸ್ಕಾರಗಳು.

2025ರ ಜುಲೈ 2ರಂದು ತಾವೆಲ್ಲ ನಂದಿಬೆಟ್ಟದ ಮೇಲೆ ಸಭೆ ಸೇರಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡುವ ತೀರ್ಮಾನ ತೆಗೆದುಕೊಂಡಿರಿ. ಮಾರನೆಯ ಬೆಳಿಗ್ಗೆ ನಮ್ಮೂರ ಹಾಲಿನ ಡೇರಿ ಮುಂದೆ ಪೇಪರು ಓದಿ ಹೇಳಿದೆ. ‘ಸೈಟಿನ ರೇಟು ಏರುತ್ತೆ ಬಿಡಿ ಮೇಷ್ಟ್ರೇ’ ಅಂದ ಒಬ್ಬ ಹುಡುಗ. ಹಾಲು ಹಾಕಿ ಕ್ಯಾನು ತೊಳೆಯುತ್ತಿದ್ದ ಒಬ್ಬ ಹೆಣ್ಣುಮಗಳು, ‘ಹಂಗಾದ್ರೆ ಪಾಣಿ, ರೇಷನ್ ಕಾರ್ಡು ಎಲ್ಲಾ ಮತ್ತೆ ಮಾಡಿಸ್ಬೇಕಾ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಈ ಕಾಗದ ಮನಸ್ಸಿನಲ್ಲಿ ಬರೆದುಕೊಳ್ಳುತ್ತಲೇ ಇದ್ದೇನೆ.

ಹೆಸರು ಬದಲಾಯಿಸಬೇಡಿ ಎಂದು ಹಟ ಹಿಡಿಯಲು ನಾನು ಬರೆಯುತ್ತಿಲ್ಲ. ‘ಗ್ರಾಮಾಂತರ’ ಎಂಬ ಪದದ ಮೇಲೆ ನನಗೇನೂ ವ್ಯಾಮೋಹವಿಲ್ಲ. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆಯನ್ನು ಎರಡು ಮಾಡಿದಾಗ ಪಟ್ಟಣಕ್ಕೆ ಸೇರಿದ್ದನ್ನೆಲ್ಲ ಒಂದು ಕಡೆ ಇಟ್ಟು, ಮಿಕ್ಕಿದ್ದಕ್ಕೆ ಇಟ್ಟ ಹೆಸರು ಅದು. ಆಗ ಎಂಟು ತಾಲ್ಲೂಕುಗಳಿದ್ದವು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಬೇರೆ ಜಿಲ್ಲೆಯಾಗಿ ಹೋದವು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ನಾವು ನಾಲ್ವರು ಉಳಿದೆವು.

ಭೂಪಟ ಹಾಸಿ ನೋಡಿ. ಬೆಂಗಳೂರಿನ ಪಶ್ಚಿಮದ ಅಂಚಿನಿಂದ ಹಿಡಿದು ಉತ್ತರವನ್ನು ಬಳಸಿಕೊಂಡು ಪೂರ್ವದವರೆಗೆ ನಮ್ಮ ಜಿಲ್ಲೆ ಕುಡುಗೋಲಿನ ಹಾಗೆ ಬಾಗಿದೆ. ಹೊಸಕೋಟೆಯವರಿಗೆ ಬೆಂಗಳೂರು ಇರುವುದು ಪಶ್ಚಿಮಕ್ಕೆ. ಅವರು ಯಾವ ಲೆಕ್ಕದಲ್ಲಿ ಉತ್ತರದವರಾದರು? ಇದರ ಮೇಲೆ ‘ಬೆಂಗಳೂರು ಉತ್ತರ’ ಎಂಬ ತಾಲ್ಲೂಕು ಪಕ್ಕದ ನಗರ ಜಿಲ್ಲೆಯಲ್ಲಿದೆ, ಅದೇ ಹೆಸರಿನ ಲೋಕಸಭಾ ಕ್ಷೇತ್ರವಿದೆ, ಅದೇ ಹೆಸರಿನ ವಿಶ್ವವಿದ್ಯಾಲಯ ಕೋಲಾರದಲ್ಲಿದೆ. ಇನ್ನು ‘ಬೆಂಗಳೂರು ಗ್ರಾಮಾಂತರ’ ಲೋಕಸಭಾ ಕ್ಷೇತ್ರದ ಕಥೆ ತಮಗೇ ಗೊತ್ತು. 2008ರ ಮರುವಿಂಗಡಣೆಯ ನಂತರ ಆ ಕ್ಷೇತ್ರದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದೂ ಇಲ್ಲ. ಗ್ರಾಮಾಂತರ ಜಿಲ್ಲೆಯ ನಾವೆಲ್ಲ ಓಟು ಹಾಕುವುದು ಚಿಕ್ಕಬಳ್ಳಾಪುರಕ್ಕೆ. ಊರಿನ ಮಕ್ಕಳಿಗೆ ಪೌರನೀತಿ ಪಾಠ ಮಾಡುವಾಗ ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಹೆಸರಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಕೆಂಪೇಗೌಡರ 108 ಅಡಿಯ ಪ್ರತಿಮೆ ನಿಂತಿತು. ಸಂತೋಷ. ಆ ಮನೆತನದ ಹಿರೀಕರು ಬಂದು ನೆಲೆ ನಿಂತ ಊರು ಆವತಿ. ನಿಲ್ದಾಣದಿಂದ ಹೆದ್ದಾರಿ ಹಿಡಿದು ದೇವನಹಳ್ಳಿ ದಾಟಿದರೆ ಸಿಗುತ್ತದೆ. ಆವತಿ ನಾಡಪ್ರಭುಗಳ ಕವಲುಗಳೇ ದೇವನಹಳ್ಳಿ, ಯಲಹಂಕ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಆಳಿದವು. ಯಲಹಂಕದ ಕವಲು ಬೆಂಗಳೂರನ್ನು ಕಟ್ಟಿತು. ಅದಕ್ಕೂ ಸಾವಿರ ವರ್ಷ ಹಿಂದಕ್ಕೆ ಹೋದರೆ ನಮ್ಮ ತಾಲ್ಲೂಕಿನ ರಾಜಘಟ್ಟದಲ್ಲಿ ಬೌದ್ಧ ಚೈತ್ಯವಿತ್ತು. ಮೈಸೂರು ವಿಶ್ವವಿದ್ಯಾಲಯದವರು ಅಗೆದಾಗ ಅಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮಣ್ಣಿನ ಸ್ತೂಪಗಳು ಸಿಕ್ಕವು. ಬೆಂಗಳೂರಿಗಿಂತ ಹಳೆಯ ನೆಲ ನಮ್ಮದು. ಇಂಥ ನೆಲವನ್ನು ಬೆಂಗಳೂರಿನಿಂದ ಯಾವ ದಿಕ್ಕಿಗಿದೆ ಎಂದಷ್ಟೇ ಗುರುತಿಸುವುದು ನನಗೆ ನೋವು ತರುತ್ತದೆ.

ಆದರೂ ಹೆಸರು ತಮಗೆ ಬಿಟ್ಟದ್ದು. ನನ್ನ ಕೋರಿಕೆ ಬೇರೆ. ಹೆಸರಿನಿಂದ ‘ಗ್ರಾಮ’ವನ್ನು ತೆಗೆಯುವ ಮುನ್ನ ಗ್ರಾಮಕ್ಕೆ ಸಲ್ಲಬೇಕಾದ ಸರ್ಕಾರವನ್ನು ಕೊಡಿ.

1987ರ ಜನವರಿಯಲ್ಲಿ ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ತಂದ ಕಾಯ್ದೆಯಂತೆ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯ್ತಿಗೂ ಚುನಾವಣೆ ನಡೆದಾಗ ನನಗೆ ಮತಗಟ್ಟೆ ಡ್ಯೂಟಿ ಬಿದ್ದಿತ್ತು. ಜಿಲ್ಲೆಗೆ ಆಗ ಐದು ತಿಂಗಳು. ಶಾಲೆಯ ಜಗಲಿಯ ಮೇಲೆ ಲಾಟೀನು ಇಟ್ಟುಕೊಂಡು ರಾತ್ರಿಯೆಲ್ಲ ಪೆಟ್ಟಿಗೆ ಕಾದೆವು. ಬೆಳಿಗ್ಗೆ ಸಾಲಿನಲ್ಲಿ ನಿಂತ ಹೆಂಗಸರಿಗೆ ತಮ್ಮ ಪೈಕಿಯ ಹೆಂಗಸರಿಗೇ ಓಟು ಹಾಕುವ ಭಾಗ್ಯ ಬಂದಿತ್ತು; ನೂರಕ್ಕೆ ಇಪ್ಪತ್ತೈದು ಸ್ಥಾನ ಮಹಿಳೆಯರಿಗೆ ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಜಿಲ್ಲೆಯ ದೊಡ್ಡ ಅಧಿಕಾರಿಗಳು ಚುನಾಯಿತ ಮನುಷ್ಯನ ಮುಂದೆ ಲೆಕ್ಕ ಒಪ್ಪಿಸುವುದನ್ನು ಹಳ್ಳಿಯ ಜನ ಕಣ್ಣಾರೆ ಕಂಡರು. ದೇಶದ ಸಂವಿಧಾನಕ್ಕೆ ಪಂಚಾಯ್ತಿಗಳ ಕುರಿತ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ಸುಮಾರು ಆರು ವರ್ಷವಿತ್ತು. ನಾವು ಮುಂದಿದ್ದೆವು, ಸ್ವಾಮಿ.

ಈಗ ಎಲ್ಲಿದ್ದೇವೆ? ಜಿಲ್ಲಾ ಪಂಚಾಯ್ತಿಗೂ ತಾಲ್ಲೂಕು ಪಂಚಾಯ್ತಿಗೂ ಕೊನೆಯ ಚುನಾವಣೆ ಆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಳು ಉರುಳಿದವು. ಚುನಾಯಿತರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕೂತಿದ್ದಾರೆ. ಅಧಿಕಾರಿಗಳಲ್ಲಿ ಒಳ್ಳೆಯವರಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವರ್ಗವಾಗಿ ಹೋಗುವವರ ಹತ್ತಿರ ‘ಕೊಟ್ಟ ಮಾತಿಗೆ ತಪ್ಪಿದಿರಿ’ ಎಂದು ಐದು ವರ್ಷದ ನಂತರ ಕೇಳುವುದು ಹೇಗೆ?

ಇದು ಕಾಗದದ ಮೇಲಿನ ದೂರು ಎನಿಸಬಹುದು. ಹಾಗಲ್ಲ ಎಂದು ತೋರಿಸಲು ಒಂದು ಕೆರೆಯ ದಂಡೆಗೆ ಕರೆದುಕೊಂಡು ಹೋಗುತ್ತೇನೆ.

ತಾವು ಸಭೆ ಸೇರಿದ ನಂದಿಬೆಟ್ಟ ನಮ್ಮ ಜಿಲ್ಲೆಯದಲ್ಲ, ಚಿಕ್ಕಬಳ್ಳಾಪುರದ್ದು. ನಮ್ಮ ನೀರು ಮಾತ್ರ ಆ ಸೀಮೆಯಲ್ಲೇ ಹುಟ್ಟುತ್ತದೆ. ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಯ ಮೇಲೆ ಹಾದು ತಮಿಳುನಾಡಿಗೆ ಹೋಗುತ್ತದೆ. ಅರ್ಕಾವತಿ ಈ ಕಡೆ ಇಳಿದು ದೊಡ್ಡಬಳ್ಳಾಪುರದ ಕೆರೆಗಳನ್ನು ಒಂದಾದ ಮೇಲೊಂದು ತುಂಬಿಸಿ ಹೆಸರಘಟ್ಟಕ್ಕೆ ಸೇರುತ್ತದೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ. ಶಿವಗಂಗೆಯ ಕುಮುದ್ವತಿಯೂ ಅಲ್ಲೇ ಬಂದು ಕೂಡುತ್ತದೆ. 1890ರ ದಶಕದಲ್ಲಿ ಬೆಂಗಳೂರಿನ ಮನೆಗಳಲ್ಲಿ ಮೊದಲ ಸಲ ನಲ್ಲಿ ತಿರುಗಿಸಿದಾಗ ಬಂದದ್ದು ಹೆಸರಘಟ್ಟದ ನೀರು, ಅಂದರೆ ನಮ್ಮ ಹೊಳೆಯ ನೀರು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಕಟ್ಟಿದರು.

ಆ ಕೆರೆಗಳ ಸಾಲಿನಲ್ಲಿ ದೊಡ್ಡಬಳ್ಳಾಪುರ ಪೇಟೆಯನ್ನು ದಾಟಿ ಕೆಳಕ್ಕೆ ಬಂದರೆ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳು ಸಿಗುತ್ತವೆ. ಮೇಲೆ ನಗರಸಭೆಯ ಒಳಚರಂಡಿ ಇದೆ. ಪಕ್ಕದಲ್ಲಿ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶವಿದೆ. ಎರಡರ ಹೊಲಸೂ ಇಳಿಜಾರು ಹಿಡಿದು ಬಂದು ನಿಲ್ಲುವುದು ಈ ಕೆರೆಗಳಲ್ಲಿ. ಏರಿಯ ಮೇಲೆ ನಿಂತು ನೋಡಿದೆ. ತೂಬಿನ ಕಲ್ಲುಕಂಬಗಳ ಬುಡದಲ್ಲಿ ಕಪ್ಪು ಪಟ್ಟಿ ಕಟ್ಟಿತ್ತು. ಗಾಳಿ ಬೀಸಿದ ಕಡೆ ನೊರೆ ಸರಿಯುತ್ತಿತ್ತು. ಮೇಯಲು ಬಿಟ್ಟಿದ್ದ ಹಸುವೊಂದು ಇಳಿದು ಬಂದು, ಮೂತಿ ನೀರಿಗೆ ತಾಗಿಸುವ ಮುಂಚೆಯೇ ತಲೆ ಎತ್ತಿ, ತುಸು ಹೊತ್ತು ಹಾಗೇ ನಿಂತು, ಬಂದ ದಾರಿಯಲ್ಲೇ ಏರಿ ಹತ್ತಿತು. ಅದನ್ನು ಕಾಯುತ್ತಿದ್ದ ಅಜ್ಜ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಬಾಲ್ಯದಲ್ಲಿ ಇಂಥ ಕೆರೆಗಳ ತೂಬಿನ ಕೆಳಗೆ ಬೊಗಸೆಯಲ್ಲಿ ನೀರು ಕುಡಿದಿದ್ದೇವೆ. ನೀರಗಂಟಿ ತೂಬು ಎತ್ತಿದ ದಿನ ಗದ್ದೆ ಬಯಲಿಗೆಲ್ಲ ಹಬ್ಬ.

ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯ್ತಿಗಳ ಜನ ವರ್ಷಗಳಿಂದ ಬೀದಿಗಿಳಿದಿದ್ದಾರೆ. ಕೊಳವೆಬಾವಿಯ ನೀರೂ ಕೆಟ್ಟಿದೆ ಎಂಬುದು ಅವರ ಅಳಲು. ಅವರು ಯಾರನ್ನು ಕೇಳಬೇಕು? ಗ್ರಾಮ ಪಂಚಾಯ್ತಿಯನ್ನು ಕೇಳಿದರೆ, ಹೊಲಸು ಬರುವುದು ನಮ್ಮ ಗಡಿಯ ಆಚೆಯಿಂದ ಎನ್ನುತ್ತದೆ, ಅದು ನಿಜವೇ. ನಗರಸಭೆಯ ಸದಸ್ಯನಿಗೆ ಈ ಹಳ್ಳಿಯ ಓಟು ಬೇಕಿಲ್ಲ, ಅವನ ವಾರ್ಡು ಪೇಟೆಯಲ್ಲಿದೆ. ಬಾಶೆಟ್ಟಿಹಳ್ಳಿ ಈಗ ಪಟ್ಟಣ ಪಂಚಾಯ್ತಿ, ಅದರ ಲೆಕ್ಕ ಬೇರೆ. ನೀರು ಗಡಿ ದಾಟಿ ಹರಿಯುತ್ತದೆ, ಅಧಿಕಾರ ಗಡಿಯಲ್ಲೇ ನಿಲ್ಲುತ್ತದೆ.

ಈ ತೊಡಕಿಗೆ ಸಂವಿಧಾನ ಮದ್ದು ಬರೆದಿಟ್ಟಿದೆ. 74ನೇ ತಿದ್ದುಪಡಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಎಂಬುದೊಂದಿದೆ. ಪೇಟೆಯ ಪ್ರತಿನಿಧಿಗಳೂ ಹಳ್ಳಿಯ ಪ್ರತಿನಿಧಿಗಳೂ ಒಂದೇ ಮೇಜಿನ ಸುತ್ತ ಕೂತು ನೀರು, ನೆಲ, ಪರಿಸರದ ವಿಚಾರವಾಗಿ ಕರಡು ಯೋಜನೆ ಮಾಡಬೇಕಾದ ಜಾಗ ಅದು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯ್ತಿ ಮತ್ತು ನಗರ ಸಂಸ್ಥೆಗಳ ಚುನಾಯಿತರೊಳಗಿಂದಲೇ ಆರಿಸಿ ಬರಬೇಕು. ಜಿಲ್ಲಾ ಪಂಚಾಯ್ತಿಯಲ್ಲಿ ಚುನಾಯಿತರೇ ಇಲ್ಲದಿದ್ದರೆ ಹಳ್ಳಿಯ ಪರವಾಗಿ ಆ ಮೇಜಿನ ಮುಂದೆ ಕೂರುವವರು ಯಾರು? ಚಿಕ್ಕತುಮಕೂರಿನ ಕೆರೆಗೂ ನಡೆಯದ ಚುನಾವಣೆಗೂ ಇರುವ ನಂಟು ಇದು. ಇದನ್ನು ಬಿಡಿಸಿ ಹೇಳಲೆಂದೇ ನಾನು ಈ ಪತ್ರ ಬರೆಯಲು ಕೂತದ್ದು.

ಕೆರೆಯ ಮಾತು ಹೀಗಾದರೆ ನೆಲದ್ದು ಇನ್ನೊಂದು. ಹಳ್ಳಿಯ ನೆಲದಲ್ಲಿ ಏನು ಬರಬೇಕೆಂದು ತೀರ್ಮಾನಿಸುವುದು ಯೋಜನಾ ಪ್ರಾಧಿಕಾರ. ಬಡಾವಣೆಗೆ ನಕ್ಷೆ ಮಂಜೂರು ಅಲ್ಲಿ. ಕಾರ್ಖಾನೆಗೆ ಜಮೀನು ಬೇಕಾದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ತನ್ನ 1966ರ ಕಾಯ್ದೆಯಡಿ ಅಧಿಸೂಚನೆ ಹೊರಡಿಸುತ್ತದೆ. ಬಡಾವಣೆ ಎದ್ದ ಮೇಲೆ ಕಸ ಎತ್ತುವುದು, ಬೀದಿದೀಪ ಹಾಕುವುದು, ನೀರು ಬಿಡುವುದು ಬಹುಪಾಲು ಪಂಚಾಯ್ತಿಯ ಪಾಲಿಗೆ. ನಮ್ಮ ವಾಟರ್‌ಮ್ಯಾನ್ ಹತ್ತು ವರ್ಷದ ಹಿಂದೆ ಒಂದು ಹಳ್ಳಿಗೆ ವಾಲ್ವ್ ತಿರುಗಿಸುತ್ತಿದ್ದ. ಈಗ ಅದೇ ಮನುಷ್ಯ, ಅದೇ ಸೈಕಲ್ಲಿನಲ್ಲಿ, ಹಳ್ಳಿಗೂ ಮೂರು ಬಡಾವಣೆಗೂ ತಿರುಗಿಸುತ್ತಾನೆ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯನ್ನು ತಾವು ಮರೆತಿರಲಾರಿರಿ. ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಕೊಟ್ಟ ತಾಲ್ಲೂಕು ದೇವನಹಳ್ಳಿ. ಆ ಹೋಬಳಿಯ 13 ಹಳ್ಳಿಗಳ 1,777 ಎಕರೆ ಮತ್ತೆ ಬೇಕೆಂದಾಗ ರೈತರು ಚಪ್ಪರ ಹಾಕಿ ಕೂತರು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ನೆಲ. ನೆರೆಯಲ್ಲೇ ನಲ್ಲೂರಿನ ಹುಣಸೆತೋಪು, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿದ್ದು. 1,198 ದಿನ ಕೂತರು. ತಾವು ನಂದಿಬೆಟ್ಟದಿಂದ ಇಳಿದು ಎರಡು ವಾರ ಕಳೆಯುವುದರೊಳಗೆ, ಜುಲೈ 15ರಂದು, ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿಗಳು ಘೋಷಿಸಿದರು. ಅವತ್ತು ನಮ್ಮ ಮನೆಯಲ್ಲಿ ಪಾಯಸ ಮಾಡಿದೆವು. ಆ ಹೋಬಳಿಗೆ ನನ್ನ ತಂಗಿಯನ್ನು ಕೊಟ್ಟಿದ್ದೇವೆ. ಸ್ವಾಧೀನ ಕೈಬಿಡುವ ಆ ಮಾತಿಗೆ ತಮಗೆ ಮನಸಾರೆ ಕೃತಜ್ಞತೆ ಹೇಳುತ್ತೇನೆ. ಆದರೆ ಗ್ರಾಮಸಭೆಯ ಒಪ್ಪಿಗೆಯನ್ನು ಮೊದಲು ಕೇಳುವ ಪದ್ಧತಿ ಇದ್ದಿದ್ದರೆ ಆ ಜನ ಮೂರು ವರ್ಷಕ್ಕೂ ಮಿಕ್ಕಿ ಚಪ್ಪರದಡಿ ಕೂರಬೇಕಾಗಿತ್ತೇ?

ಗ್ರಾಮಸಭೆ ಈಗ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಿದ್ದೇನೆ. ಒಂದು ಪಂಚಾಯ್ತಿಯಲ್ಲಿ ಶಾಮಿಯಾನದಡಿ ಮೂವತ್ತು ಜನ ಇದ್ದೆವು. ಕೋರಂ ಸಾಲದೆ ಪುಸ್ತಕವನ್ನು ಮನೆಮನೆಗೆ ಕಳಿಸಿ ರುಜು ಹಾಕಿಸಿಕೊಂಡು ಬಂದರು. ಜನರನ್ನೂ ನಾನು ದೂರಲಾರೆ. ತಮ್ಮ ಮಾತಿನಿಂದ ಏನೂ ಆಗದು ಎಂದು ಕಂಡುಕೊಂಡವರು ಕೂಲಿ ಬಿಟ್ಟು ಯಾಕೆ ಬಂದಾರು? ನೆಲದ ಮೇಲೆ, ನೀರಿನ ಮೇಲೆ ಅವರ ಮಾತಿಗೆ ತೂಕ ಕೊಡಿ. ಶಾಮಿಯಾನ ಸಾಲದೇ ಹೋಗುತ್ತದೆ.

ಸರ್ಕಾರ ಹತ್ತಿರ ಬಂದರೆ ಜನಕ್ಕೆ ಏನಾಗುತ್ತದೆ ಎಂಬುದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಮೂವತ್ತಕ್ಕೂ ಹೆಚ್ಚು ವರ್ಷ ನಮ್ಮ ಜಿಲ್ಲಾಧಿಕಾರಿ ಕಚೇರಿ ಜಿಲ್ಲೆಯ ಹೊರಗೆ, ಬೆಂಗಳೂರು ನಗರದಲ್ಲಿತ್ತು. ನಮ್ಮಪ್ಪ ಜಮೀನಿನ ಪೋಡಿ ವ್ಯಾಜ್ಯಕ್ಕೆ ಮೊದಲ ಬಸ್ಸು ಹಿಡಿದು, ಬುತ್ತಿ ಕಟ್ಟಿಕೊಂಡು, ಕಾಗದದ ಕಟ್ಟನ್ನು ಟವಲಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. 2018ರಲ್ಲಿ ಕಚೇರಿ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರಕ್ಕೆ ಬಂತು. ನೋಡಲು ಅಪ್ಪ ಇರಲಿಲ್ಲ. ಜಿಲ್ಲಾ ಕೇಂದ್ರ ದೊಡ್ಡಬಳ್ಳಾಪುರವೋ ದೇವನಹಳ್ಳಿಯೋ ಎಂಬ ಜಗ್ಗಾಟ ನಮ್ಮೊಳಗೆ ಇದ್ದೇ ಇದೆ. ಅದೇನೇ ಇರಲಿ, ಸ್ವಂತ ಜಿಲ್ಲೆಯ ನೆಲದಲ್ಲಿ ನಿಂತು ಅರ್ಜಿ ಕೊಟ್ಟ ದಿನ ನನಗೆ ಬಹಳ ಹಿತವೆನಿಸಿತು.

2011ರ ಜನಗಣತಿಯಲ್ಲಿ ಈ ಜಿಲ್ಲೆಯಲ್ಲಿ 9,90,923 ಜನ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಹಳ್ಳಿಯವರು. ಹೆಸರಿನ ಫಲಕ ಬದಲಾಯಿಸುವ ಮುನ್ನ ಇವರಿಗೆ ಜಿಲ್ಲಾ ಪಂಚಾಯ್ತಿ ಚುನಾವಣೆಯ ದಿನಾಂಕವೊಂದನ್ನು ಹೇಳಿ. ಯೋಜನಾ ಸಮಿತಿಯ ಮೇಜಿನ ಮುಂದೆ ನಗರಸಭೆಯವರ ಎದುರಿಗೆ ದೊಡ್ಡತುಮಕೂರಿನವರನ್ನು ಕೂರಿಸಿ. ಯಾವ ಹಳ್ಳಿಯ ನೆಲಕ್ಕೆ ಅಧಿಸೂಚನೆ ಹೊರಡಿಸಬೇಕಾದರೂ ಮೊದಲು ಅಲ್ಲಿಯ ಗ್ರಾಮಸಭೆಯ ಮುಂದೆ ಬನ್ನಿ.

ತಮ್ಮ ಮುಂದಿನ ಸಭೆಯನ್ನು ಈ ಕೆರೆಯೊಂದರ ಏರಿಯ ಮೇಲೆ ನಡೆಸುವ ಮನಸ್ಸಾದರೆ ಊಟದ ವ್ಯವಸ್ಥೆ ಊರಿನವರದು. ರಾಗಿಮುದ್ದೆ, ಅವರೆಕಾಳಿನ ಸಾರು ಮಾಡಿಸುತ್ತೇವೆ. ಒಂದೇ ವಿನಂತಿ, ಬೇಸಿಗೆಯಲ್ಲಿ ಬನ್ನಿ. ಮಳೆಗಾಲದಲ್ಲಿ ಹೊಸನೀರು ಕೂಡಿಕೊಂಡು ಕೆರೆ ಚೆನ್ನಾಗಿಯೇ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಅರ್ಕಾವತಿ ಸೀಮೆಯ ಒಬ್ಬ ನಿವೃತ್ತ ಶಿಕ್ಷಕ