ಸೋಡಾಧಿಕರಣ: ಮಕ್ಕಳಿಗೆ ಗ್ಯಾಸು ಕೊಡಬಹುದೋ ಕೂಡದೋ ಎಂಬ ವಿಚಾರ

ಎಂಥ ತಕರಾರನ್ನೇ ಆಗಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳಾಗಿ ಬಿಡಿಸಿಟ್ಟು ಇತ್ಯರ್ಥ ಮಾಡುವುದು ಮೀಮಾಂಸಕರ ಪದ್ಧತಿ. ಇಂಥ ಒಂದೊಂದು ಇತ್ಯರ್ಥಕ್ಕೂ ಅಧಿಕರಣ ಎಂದು ಹೆಸರು. ಯಜ್ಞದ ಸೌದೆ, ಸೌಟು, ಅಕ್ಕಿಯ ಹೊಟ್ಟು ಯಾವುದನ್ನೂ ಬಿಡದೆ ವಿಚಾರಿಸಿದ ಆ ಮಹನೀಯರು, ಬೇಸಿಗೆ ರಜೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮನೆಮನೆಯಲ್ಲೂ ಕೇಳಿಬರುವ "ಅಪ್ಪಾ, ಸೋಡಾ ಕೊಡ್ಸು" ಎಂಬ ವಾಕ್ಯದ ಮೇಲೆ ಮಾತ್ರ ಒಂದು ಸೂತ್ರವನ್ನೂ ಬರೆಯಲಿಲ್ಲ. ಮೀಮಾಂಸಾ ಸೂತ್ರಕಾರ ಜೈಮಿನಿಗಳಿಗೆ ಮಕ್ಕಳಿದ್ದರೇ, ಇದ್ದರೆ ಅವರು ಯಾವ ಅಂಗಡಿ ಮುಂದೆ ನಿಂತು ಹಟ ಮಾಡುತ್ತಿದ್ದರು ಎಂಬ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ಶಾಸ್ತ್ರದಲ್ಲಿ ಉಳಿದುಹೋದ ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನ ಇದು. ಓದುಗರು ಕೈಯಲ್ಲಿ ತಣ್ಣಗಿನದೇನಾದರೂ ಹಿಡಿದು ಓದಬಹುದು. ಅದು ಏನೆಂದು ಕೇಳುವುದಿಲ್ಲ.

ಮೊದಲು ಲಕ್ಷಣ. ಸೋಡಾ ಎಂದರೇನು? "ತೇಗು ತರಿಸುವುದೇ ಸೋಡಾ" ಎಂದರೆ ಅತಿವ್ಯಾಪ್ತಿ; ಮದುವೆಮನೆಯಲ್ಲಿ ಎರಡನೇ ಸಲ ಬಡಿಸಿಕೊಂಡ ಬಿಸಿಬೇಳೆಬಾತಿಗೂ ಅದು ಹೊಂದಿಕೊಳ್ಳುತ್ತದೆ. "ಅಂಗಡಿಯಲ್ಲಿ ಸೋಡಾ ಎಂದು ಕೇಳಿದರೆ ಏನು ಕೊಡುತ್ತಾರೋ ಅದು" ಎಂದರೆ ಬಟ್ಟೆಸೋಡಾವೂ ಬೋಂಡಾಕ್ಕೆ ಹಾಕುವ ಅಡುಗೆಸೋಡಾವೂ ಒಳಗೆ ನುಗ್ಗುತ್ತವೆ. "ಕಪ್ಪಗಿರುವುದು" ಎಂದರೆ ಕಿತ್ತಳೆ ಬಣ್ಣದ್ದೂ ಬಣ್ಣವೇ ಇಲ್ಲದ್ದೂ ಹೊರಗುಳಿದು ಅವ್ಯಾಪ್ತಿ. ಸಾಲದ್ದಕ್ಕೆ ಅಜ್ಜಿಯ ಕಷಾಯ ಸೋಡಾ ಆಗಿಬಿಡುತ್ತದೆ. "ಮಕ್ಕಳ ಮೈಗೆ ಒಳ್ಳೆಯದಾದ ಸೋಡಾ" ಎಂದರೆ ಅಸಂಭವ ದೋಷ ಎಂದು ತಾಯಂದಿರ ಮತ. ಆದ್ದರಿಂದ, ಒತ್ತಡ ಹಾಕಿ ಇಂಗಾಲದ ಡೈಆಕ್ಸೈಡ್ ಕರಗಿಸಿದ ನೀರೇ ಸೋಡಾ. ಸಕ್ಕರೆ, ಬಣ್ಣ, ಕೆಫೀನು, ಕ್ರಿಕೆಟ್ ಆಟಗಾರನ ಚಿತ್ರ ಇವೆಲ್ಲ ಉಪಾಧಿಗಳು. ಮನೆಯಲ್ಲಿ ನಡೆಯುವ ಜಗಳವೆಲ್ಲ ಉಪಾಧಿಯದು, ಬೈಸಿಕೊಳ್ಳುವುದು ಮಾತ್ರ ಗ್ಯಾಸು. ಈ ಅನ್ಯಾಯವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಈ ನೀರಿನ ದ್ರಷ್ಟಾರ ಜೋಸೆಫ್ ಪ್ರೀಸ್ಟ್ಲಿ. ಇಂಗ್ಲೆಂಡಿನ ಲೀಡ್ಸ್ ಊರಿನ ಪಾದ್ರಿ. ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುತ್ತಿದ್ದರು. ಹುಳಿಯುತ್ತಿರುವ ತೊಟ್ಟಿಯ ಮೇಲೆ ಒಂದು ಗಾಳಿ ಕೆನೆ ಕಟ್ಟಿದಂತೆ ನಿಂತಿರುವುದನ್ನು ಕಂಡು, 1767ರಲ್ಲಿ ಅದರ ಮೇಲೆ ನೀರಿನ ಪಾತ್ರೆ ಹಿಡಿದು, ಆ ಗಾಳಿಯನ್ನು ನೀರಿಗೆ ಇಳಿಸಿದ. 1772ರಲ್ಲಿ ಮಾಡುವ ಕ್ರಮವನ್ನು ಅಚ್ಚು ಹಾಕಿಸಿದ. ಹಡಗಿನವರ ಸ್ಕರ್ವಿ ರೋಗಕ್ಕೆ ಇದು ಮದ್ದಾಗುತ್ತದೆಂಬ ಆಸೆ ಅವನಿಗಿತ್ತು, ಆಗಲಿಲ್ಲ. ಅಂತೂ ಸೋಡಾ ಭೂಮಿಗೆ ಇಳಿದದ್ದು ಔಷಧಿಯಾಗಿ ಎಂಬುದು ಚರಿತ್ರೆ. ಇಂದಿಗೂ "ಹೊಟ್ಟೆ ಯಾಕೋ ಸರಿ ಇಲ್ಲ, ಒಂದು ಸೋಡಾ ಕುಡಿದು ಬರ್ತೀನಿ" ಎಂದು ಹೊರಡುವ ಹಿರಿಯರು ಪ್ರೀಸ್ಟ್ಲಿ ಸಂಪ್ರದಾಯದವರು. ಕುಡಿದ ಮೇಲೆ ಬರುವ ತೇಗು ಜೀರ್ಣವಾದ ಅನ್ನದ್ದಲ್ಲ, ಈಗಷ್ಟೇ ದುಡ್ಡು ಕೊಟ್ಟು ಒಳಗೆ ಬಿಟ್ಟ ಗ್ಯಾಸು ಹೊರಗೆ ಬಂದದ್ದು ಎಂದು ಅವರಿಗೆ ಹೇಳುವ ಧೈರ್ಯ ಯಾವ ಸೊಸೆಗೂ ಇಲ್ಲ. ಮಕ್ಕಳಿಗೆ ಭೇದಿಯಾದಾಗ ಇದೇ ತರ್ಕದಲ್ಲಿ ಸಿಹಿ ಸೋಡಾ ಕುಡಿಸುವ ಮನೆಗಳುಂಟು. ಅಷ್ಟು ಸಕ್ಕರೆ ಕರುಳಿಗೆ ಇನ್ನಷ್ಟು ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಅಲ್ಲಿ ಬೇಕಾದದ್ದು ಓಆರ್‌ಎಸ್. ಇದು ತಮಾಷೆಯ ಮಾತಲ್ಲ, ದಾಟಿಕೊಂಡು ಮುಂದೆ ಹೋಗೋಣ.

ಗೋಲಿಸೋಡಾದ ಬಳಿ ಸ್ವಲ್ಪ ನಿಲ್ಲದೆ ಹೋಗುವುದು ಕೃತಘ್ನತೆ. 1870ರ ದಶಕದಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವ ಮಾಡಿದ ಬಾಟ್ಲಿ ಅದು. ಕತ್ತಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಒಳಗೆ ರಬ್ಬರಿನ ಉಂಗುರ. ಗ್ಯಾಸು ತುಂಬಿದ ಮೇಲೆ ಅದರ ಒತ್ತಡವೇ ಗೋಲಿಯನ್ನು ಉಂಗುರಕ್ಕೆ ಅದುಮಿ ಹಿಡಿಯುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ. ಒಳಗಿನವನೇ ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ. ಅಂಗಡಿಯವರು ಮರದ ಗುಬುಟನ್ನು ಬಾಯಿಗಿಟ್ಟು ಅಂಗೈಯಿಂದ ಒಂದು ಗುದ್ದು ಹಾಕಿದರೆ "ಕೀಂಯ್" ಎಂದು ಕೂಗಿ ಗೋಲಿ ಕೆಳಗಿಳಿಯುತ್ತದೆ. ಬಾಟ್ಲಿ ಬಗ್ಗಿಸಿ ಕುಡಿಯುವಾಗ ಗೋಲಿ ಕತ್ತಿನ ಚಿವುಟಿಗೆ ಸಿಕ್ಕಿ ನಿಲ್ಲಬೇಕು. ಆ ಕಡೆ ತಿರುಗಿಸಿ ಹಿಡಿಯಲು ಬಾರದವನ ತುಟಿಗೆ ಗೋಲಿ ಅಡ್ಡ ಬಂದು ಸೋಡಾ ನಿಂತುಹೋಗುತ್ತದೆ. ಮಕ್ಕಳು ಎಷ್ಟು ಕುಡಿಯಬೇಕೆಂಬುದನ್ನು ಹೀಗೆ ತನ್ನಷ್ಟಕ್ಕೆ ನಿಯಂತ್ರಿಸುತ್ತಿದ್ದ ಬಾಟ್ಲಿ ಶಿಶುಪಾಲನೆಯ ಚರಿತ್ರೆಯಲ್ಲಿ ಮತ್ತೊಂದಿಲ್ಲ. ಪ್ಲಾಸ್ಟಿಕ್ ಬಾಟ್ಲಿಗೆ ತಿರುಪಿನ ಮುಚ್ಚಳ ಬಂದ ದಿನವೇ ತಂದೆತಾಯಿಗಳ ಮೇಲೆ ಈ ಹೊಣೆ ಬಿತ್ತು. ಅವರು ಅದಕ್ಕೆ ತಯಾರಿರಲಿಲ್ಲ.

ರಾಜಕೀಯ ಖಂಡವನ್ನು ಬಿಟ್ಟರೆ ಪ್ರಬಂಧಕ್ಕೆ ಪಿಎಚ್.ಡಿ. ಸಿಗುವುದಿಲ್ಲ. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟಾಗ ಕೇಂದ್ರದ ಕೈಗಾರಿಕಾ ಮಂತ್ರಿಯಾಗಿದ್ದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿದೇಶಿ ಪಾಲನ್ನು ಶೇ 40ಕ್ಕೆ ಇಳಿಸಿ ಎಂದರೆ ಕಂಪನಿ ಒಪ್ಪಲಿಲ್ಲ. ತೆರವಾದ ಜಾಗಕ್ಕೆ ಸರ್ಕಾರವೇ "ಡಬಲ್ ಸೆವೆನ್" ಎಂಬ ಪಾನೀಯ ತಂದಿತು. ಅದರ ಸೂತ್ರವನ್ನು ಕಂಡುಹಿಡಿದದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಅಂದರೆ ಮಕ್ಕಳಿಗೆ ಕೋಲಾ ಕುಡಿಸುವ ಕೆಲಸವನ್ನು ಒಂದು ಕಾಲದಲ್ಲಿ ರಾಷ್ಟ್ರವೇ ಕೈಗೆತ್ತಿಕೊಂಡಿತ್ತು, ಅದಕ್ಕೆ ಕನ್ನಡ ನೆಲದ ಬುದ್ಧಿಯೂ ಸೇರಿತ್ತು. ಆ ಪಾನೀಯ ನಿಲ್ಲಲಿಲ್ಲ. ಅದೇ ವರ್ಷ ಹುಟ್ಟಿದ ಥಮ್ಸ್ ಅಪ್ ನಿಂತಿತು. 1993ರಲ್ಲಿ ಮರಳಿ ಬಂದ ಕೋಕಾ ಕೋಲಾ ಥಮ್ಸ್ ಅಪ್ಪನ್ನೇ ಕೊಂಡುಕೊಂಡಿತು. ಈಗ ಸರ್ಕಾರಕ್ಕೆ ಬೇರೆ ಬುದ್ಧಿ ಬಂದಿದೆ. ಗ್ಯಾಸು ತುಂಬಿದ ಪಾನೀಯಕ್ಕೆ 28 ಜಿಎಸ್‌ಟಿ, 12 ಸೆಸ್ ಎಂದು ಬಿಡಿಬಿಡಿಯಾಗಿ ಕೇಳುತ್ತಿದ್ದುದನ್ನು 2025ರ ಸೆಪ್ಟೆಂಬರಿನಿಂದ ಒಟ್ಟಿಗೆ ಶೇ 40 ಎಂದು ಕೇಳುತ್ತಿದೆ. ಅಂದು ಕಂಪನಿಗೆ ಹೇಳಿದ್ದೂ 40, ಇಂದು ಕುಡಿಯುವವನಿಗೆ ಹೇಳುತ್ತಿರುವುದೂ 40. ಸೋಡಾಶಾಸ್ತ್ರದಲ್ಲಿ ಈ ಸಂಖ್ಯೆಗಿರುವ ಮಹಿಮೆಯ ಮೇಲೆ ಪ್ರತ್ಯೇಕ ಸಂಶೋಧನೆ ನಡೆಯಬೇಕು. ಯಾರಾದರೂ ಅನುದಾನ ಕೊಟ್ಟರೆ ಈ ಪ್ರಬಂಧಕಾರ ಸಿದ್ಧ.

ಇನ್ನು ಪ್ರಮಾಣ ವಿಚಾರ. ಮಗು ಸೋಡಾ ಕುಡಿಯಿತೆಂದು ತಿಳಿಯುವುದು ಹೇಗೆ? ನಾಲಗೆ ಕಿತ್ತಳೆ ಬಣ್ಣವಾಗಿದ್ದರೆ ಪ್ರತ್ಯಕ್ಷ. "ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ" ಎಂಬಂತೆ ಮೂಗಿನಿಂದ ಬಂದ ತೇಗು ಅನುಮಾನಕ್ಕೆ ಹೇತು. ಇವೆರಡೂ ಸುಲಭ. ಮೀಮಾಂಸಕರ ಮುಕುಟಮಣಿ ಎಂದರೆ ಅರ್ಥಾಪತ್ತಿ. "ದಷ್ಟಪುಷ್ಟನಾದ ದೇವದತ್ತ ಹಗಲು ಉಣ್ಣುವುದಿಲ್ಲ, ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು" ಎಂಬುದು ಶಾಸ್ತ್ರದ ಹಳೆಯ ಉದಾಹರಣೆ. ಅದನ್ನು ಫ್ರಿಜ್ಜಿಗೆ ಅನ್ವಯಿಸೋಣ. ಮಕ್ಕಳು ಮಲಗುವ ಹೊತ್ತಿಗೆ ಬಾಟ್ಲಿ ಮುಕ್ಕಾಲು ತುಂಬಿತ್ತು. ಬೆಳಗ್ಗೆ ನೋಡಿದರೆ ಕಾಲು ಭಾಗ. ಬಾಟ್ಲಿ ಇದ್ದದ್ದು ಮೇಲಿನ ಅರೆಯಲ್ಲಿ, ಮಗುವಿಗೆ ಎಟುಕುವುದಿಲ್ಲ. ತಾಯಿ ಸೋಡಾ ಮುಟ್ಟುವುದಿಲ್ಲ. ಅಜ್ಜಿಗೆ ಹಲ್ಲು ಜುಂ ಎನ್ನುತ್ತದೆ. ಹಾಗಾದರೆ ಕುಡಿದವನು ದೇವದತ್ತನೇ. ಅವನು ಬೆಳಗ್ಗೆ ತಿಂಡಿಗೆ ಕೂತು ಮಗನಿಗೆ, "ಅದೆಲ್ಲ ಕೆಮಿಕಲ್ ಕಣೋ, ಹಲ್ಲು ಕರಗಿ ಹೋಗುತ್ತೆ" ಎಂದು ಉಪದೇಶ ಮಾಡುತ್ತಿರುತ್ತಾನೆ.

ಕೊನೆಯದು ಶಬ್ದಪ್ರಮಾಣ, ಇಂದಿನ ಭಾಷೆಯಲ್ಲಿ ವಾಟ್ಸ್ಆ್ಯಪ್. ಒಂದು ಹಲ್ಲನ್ನು ಕೋಲಾದಲ್ಲಿ ಹಾಕಿಟ್ಟರೆ ಬೆಳಗಾಗುವುದರೊಳಗೆ ಮಾಯವಾಗುತ್ತದೆ ಎಂದು ಫ್ಯಾಮಿಲಿ ಗ್ರೂಪಿನ ಸೋದರಮಾವ ಕಳಿಸುತ್ತಾರೆ. ಹಾಗೆ ಮಾಯವಾಗುವುದಿಲ್ಲ. ಬ್ಯಾಟರಿಯ ತುಕ್ಕು ತೊಳೆಯಬಹುದಂತೆ. ನಿಂಬೆಹಣ್ಣಿನ ರಸದಲ್ಲೂ ತೊಳೆಯಬಹುದು. ಕೋಲಾದ ಆಮ್ಲೀಯತೆ ಪಿಎಚ್ ಅಳತೆಯಲ್ಲಿ ಸುಮಾರು 2.5, ನಿಂಬೆರಸವೂ ಅದಕ್ಕೆ ಸುಮಾರು ಹತ್ತಿರ. ಹಲ್ಲಿನ ಎನಾಮೆಲ್ ಸವೆಯಲು 5.5ರ ಆಸುಪಾಸೇ ಸಾಕು. ಆದ್ದರಿಂದ ಭಯಪಡಬೇಕಾದ್ದು ರಾತ್ರಿಯೆಲ್ಲ ಹಲ್ಲು ನೆನೆಹಾಕುವವನ ಬಗ್ಗೆ ಅಲ್ಲ, ಒಂದೇ ಬಾಟ್ಲಿಯನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ತೊಟ್ಟುತೊಟ್ಟಾಗಿ ಚೀಪುವವನ ಬಗ್ಗೆ.

ಇಲ್ಲಿ ಅಳತೆಯ ಒಂದು ಮಾನವನ್ನು ನಿಷ್ಕರ್ಷೆ ಮಾಡಬೇಕಾಗಿದೆ: "ಒಂದೇ ಗುಟುಕು." ಗೃಹಪ್ರವೇಶದ ಮನೆ. ಊಟವಾಗಿದೆ. ಎರಡು ಲೀಟರಿನ ಬಾಟ್ಲಿಯಿಂದ ಕಾಗದದ ಲೋಟಗಳಿಗೆ ಸುರಿಯುತ್ತಿದ್ದಾರೆ, ಮುಕ್ಕಾಲು ನೊರೆ, ಕಾಲು ಪಾನೀಯ. ಐದು ವರ್ಷದ ಹುಡುಗ ಅಜ್ಜಿಯ ಸೆರಗು ಹಿಡಿದು ನಿಂತಿದ್ದಾನೆ.

"ಅಜ್ಜೀ, ಒಂದೇ ಒಂದು ಗುಟುಕು."

"ಹೂಂ, ಕುಡಿ. ನಿಮ್ಮಮ್ಮಂಗೆ ಹೇಳ್ಬೇಡ."

ಹುಡುಗ ಲೋಟ ಎತ್ತುತ್ತಾನೆ. ನೊರೆ ಮೂಗಿಗೆ ಅಂಟುತ್ತದೆ, ಕಣ್ಣು ನೀರಾಡುತ್ತದೆ, ಆದರೂ ಲೋಟ ಕೆಳಗಿಳಿಯುವುದಿಲ್ಲ. ಲೋಟ ಇಳಿದಾಗ ಅದರಲ್ಲಿ ಗುಳ್ಳೆಯೂ ಉಳಿದಿರುವುದಿಲ್ಲ. "ಇದೇನೋ, ಒಂದೇ ಗುಟುಕು ಅಂದೆ?" "ಬಾಯಿ ತೆಗೀಲೇ ಇಲ್ವಲ್ಲಜ್ಜೀ." ಹುಡುಗನ ವ್ಯಾಖ್ಯಾನ ನಿರ್ದುಷ್ಟವಾಗಿದೆ. ತುಟಿ ಪಾತ್ರೆಯಿಂದ ಬೇರ್ಪಡುವವರೆಗೆ ಒಳಗೆ ಹೋದದ್ದೆಲ್ಲ ಒಂದು ಗುಟುಕು. ಅದರ ಮೇಲ್ಮಿತಿ ಉಸಿರು ಮಾತ್ರ. ಹುಡುಗ ಈಜು ಕಲಿತರೆ ಗುಟುಕು ಇನ್ನೂ ಹಿಗ್ಗುತ್ತದೆ. ಅಜ್ಜಿಯ ಅನುಮತಿಯಾದರೋ ಅಪೌರುಷೇಯ, ಪ್ರಶ್ನಿಸುವಂತಿಲ್ಲ. ತಾಯಿ ದೂರದಿಂದ ನೋಡಿದ್ದಾಳೆ, ಆದರೆ ಅತ್ತೆಯೆದುರು ಪೂರ್ವಪಕ್ಷ ಹೂಡುವುದಕ್ಕೆ ಆ ದಿನ ಮುಹೂರ್ತ ಕೂಡಿಬಂದಿಲ್ಲ.

ಅವಳ ಪೂರ್ವಪಕ್ಷ ಮಂಡನೆಯಾಗುವುದು ಮರುದಿನ ಅಡುಗೆಮನೆಯಲ್ಲಿ. ಅವಳು ಮಾತಾಡುವುದಿಲ್ಲ. ಬಾಟ್ಲಿಯ ಹಿಂಬದಿಯ ಸಣ್ಣಕ್ಷರವನ್ನು ಓದಿ, ಸ್ಟೀಲ್ ಲೋಟ ಇಟ್ಟು, ಸಕ್ಕರೆ ಡಬ್ಬಿಯಿಂದ ಒಂದೊಂದೇ ಚಮಚ ಹಾಕುತ್ತಾಳೆ. ಸಾಮಾನ್ಯ ಕೋಲಾದಲ್ಲಿ 100 ಮಿ.ಲೀ.ಗೆ 10ರಿಂದ 11 ಗ್ರಾಂ ಸಕ್ಕರೆ. 250 ಮಿ.ಲೀ. ಬಾಟ್ಲಿಯೆಂದರೆ ಆರು ಚಮಚದ ಮೇಲೆ. ಆರು ಚಮಚ ಸಕ್ಕರೆ ಹಾಕಿದ ಕಾಫಿ ಕೊಟ್ಟರೆ ನೆಂಟರು ಮುಖ ಸಿಂಡರಿಸಿ ಎದ್ದುಹೋಗುತ್ತಾರೆ. ಬಾಟ್ಲಿಯಲ್ಲಿ ಕೊಟ್ಟರೆ ಇನ್ನೊಂದು ಕೇಳುತ್ತಾರೆ. ತಂಪು ಸಿಹಿಯನ್ನು ಅಡಗಿಸುತ್ತದೆ, ಹುಳಿ ಅದನ್ನು ಮುಚ್ಚುತ್ತದೆ. ನಂಬಿಕೆಯಿಲ್ಲದವರು ಗ್ಯಾಸು ಹೋಗಿ ಬೆಚ್ಚಗಾದ ಕೋಲಾ ಕುಡಿದು ನೋಡಬಹುದು, ಜಿಲೇಬಿಯ ಪಾಕ ನೆನಪಾಗುತ್ತದೆ. ದಿನದ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 10ರ ಒಳಗಿರಲಿ, ಶೇ 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 1500 ಕ್ಯಾಲೊರಿ ತಿನ್ನುವ ಮಗುವಿಗೆ ಶೇ 5 ಎಂದರೆ 19 ಗ್ರಾಂ. ಒಂದು ಬಾಟ್ಲಿಗೇ ಲೆಕ್ಕ ತಪ್ಪಿಹೋಯಿತು.

ಅಜ್ಜಿಯ ಆಕ್ಷೇಪ: "ರಾಮನವಮಿ ಪಾನಕಕ್ಕೆ ನೀನೇನು ಉಪ್ಪು ಹಾಕ್ತೀಯ?" ಈ ಪ್ರಶ್ನೆ ಕಠಿಣವಾಗಿದೆ. ಬೆಲ್ಲವೂ ಸಕ್ಕರೆಯ ನಂಟನೇ, ಏಲಕ್ಕಿ ಬಿದ್ದ ಮಾತ್ರಕ್ಕೆ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ಪ್ಯಾಕೆಟ್ಟಿನ ಹಣ್ಣಿನ ರಸವಂತೂ ಮಡಿ ಉಟ್ಟ ಸೋಡಾ. ಪಾನಕದ ಪುಣ್ಯವೆಲ್ಲ ಇರುವುದು ರಾಮ ವರ್ಷಕ್ಕೆ ಒಂದೇ ಸಲ ಹುಟ್ಟುತ್ತಾನೆ ಎಂಬುದರಲ್ಲಿ.

ಶಾಸನಪಕ್ಷವೊಂದಿದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಒಳಗೂ, ಗೇಟಿನಿಂದ ಯಾವ ದಿಕ್ಕಿಗೇ ಆಗಲಿ 50 ಮೀಟರಿನ ಒಳಗೂ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ 2020ರಲ್ಲಿ ನಿಯಮ ಮಾಡಿದೆ. ನಿಯಮ ಒಳ್ಳೆಯದೇ. ಆದರೆ ಐವತ್ತೊಂದನೇ ಮೀಟರಿನಲ್ಲಿ ಗೂಡಂಗಡಿ ಇದ್ದೇ ಇರುತ್ತದೆ. ಮಕ್ಕಳು ವೃತ್ತದ ತ್ರಿಜ್ಯವನ್ನು ಇಷ್ಟು ಚೆನ್ನಾಗಿ ಕಲಿಯುವುದಕ್ಕೆ ಬೇರೆ ಉಪಾಯವಿಲ್ಲ. ಎನರ್ಜಿ ಡ್ರಿಂಕಿನ ಡಬ್ಬಿಯ ಮೇಲೆ ಮಕ್ಕಳಿಗೆ ಇದು ತಕ್ಕದ್ದಲ್ಲ ಎಂದು ಅಚ್ಚಾಗಿರುತ್ತದೆ. ಅಕ್ಷರ ಎಷ್ಟು ಸಣ್ಣದೆಂದರೆ ಕನ್ನಡಕವಿಲ್ಲದೆ ಓದಬಲ್ಲವರು ಮಕ್ಕಳೇ.

ಸಿದ್ಧಾಂತಕ್ಕೆ ಮೊದಲು ಅಧಿಕಾರಿ ಯಾರೆಂದು ನಿಶ್ಚಯವಾಗಬೇಕು. ಮೀಮಾಂಸೆಯಲ್ಲಿ ಕರ್ಮಕ್ಕೆ ಅರ್ಹನಾದವನನ್ನು ಮೊದಲು ಗುರುತಿಸುತ್ತಾರೆ. ಮನೆಗೆ ಸೋಡಾ ತಂದವರು ಯಾರು? ಮಗುವಿನ ಬಳಿ ಸ್ಕೂಟರಿಲ್ಲ, ದುಡ್ಡಿಲ್ಲ, ಹತ್ತು ನಿಮಿಷದಲ್ಲಿ ಸಾಮಾನು ತರಿಸುವ ಆ್ಯಪಿನ ಪಾಸ್‌ವರ್ಡಿಲ್ಲ. "ನೆಂಟರು ಬರ್ತಾರೆ" ಎಂದು ತಂದವರು ದೊಡ್ಡವರು. ನೆಂಟರು ಶುಗರ್ ಇದೆ ಎಂದು ನೀರು ಕುಡಿದು ಹೋದರು. ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಫ್ರಿಜ್ಜಿನಲ್ಲಿಟ್ಟವರೂ ದೊಡ್ಡವರೇ. ಮುಂದಿನ ವಿಚಾರಣೆಯಲ್ಲಿ ಆರೋಪಿಯ ಸ್ಥಾನದಲ್ಲಿ ನಿಂತಿರುವುದು ಐದು ವರ್ಷದ ಹುಡುಗ.

ಆದ್ದರಿಂದ ನಿರ್ಣಯ ಹೀಗಿದೆ. ನಿಂಬೆಹಣ್ಣು ಹಿಂಡಿ ಉಪ್ಪು ಉದುರಿಸಿದ ಸಾದಾ ಸೋಡಾವನ್ನು ಸ್ವಲ್ಪ ದೊಡ್ಡ ಮಕ್ಕಳು ಒಮ್ಮೊಮ್ಮೆ ಕುಡಿಯಲಿ, ಗ್ಯಾಸು ನಿರಪರಾಧಿ. ಎನರ್ಜಿ ಡ್ರಿಂಕು ಸರ್ವಥಾ ನಿಷಿದ್ಧ. ಸಿಹಿ ಸೋಡಾ ಹಬ್ಬ, ಜಾತ್ರೆ, ಗೃಹಪ್ರವೇಶಗಳಿಗೆ ಸೀಮಿತ. ಅದೂ ಚಿಕ್ಕ ಲೋಟದಲ್ಲಿ, ಬಾಟ್ಲಿಗೆ ಬಾಯಿಟ್ಟಲ್ಲ. ಗುಟುಕನ್ನು ಅಳೆಯುವವರು ಅಜ್ಜಿಯಾಗಿರತಕ್ಕದ್ದಲ್ಲ. ನೆಂಟರು ಹೋದ ಮೇಲೆ ಉಳಿದದ್ದು ಫ್ರಿಜ್ಜಿಗೆ ಹೋಗಕೂಡದು. ಮಗುವಿಗೆ "ಬೇಡ" ಎನ್ನುವ ಅಧಿಕಾರ ರಾತ್ರಿ ಹನ್ನೊಂದರ ಮೇಲೆ ಫ್ರಿಜ್ಜಿನ ಬಾಗಿಲು ತೆಗೆಯದವರಿಗೆ ಮಾತ್ರ ಸಲ್ಲುತ್ತದೆ. ಇದನ್ನು ಒಪ್ಪದ ದೇವದತ್ತರು ಅಜ್ಜಿಯ ಮುಂದೆ ಮೇಲ್ಮನವಿ ಸಲ್ಲಿಸಬಹುದು. ಆ ನ್ಯಾಯಾಲಯಕ್ಕೆ ಬೇಸಿಗೆ ರಜೆ ಇಲ್ಲ.