ಮೋಡದ ರಾಯರು

ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿರುವಾಗ ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಹಾಲಿನ ಬೂತಿಗೆ ಬರುವವರೊಬ್ಬರು ನಿಮ್ಮ ಬೀದಿಯಲ್ಲೂ ಇರಬೇಕು. ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯಲ್ಲಿ ಅಂಥವರಿಗೆ ಮೋಡದ ರಾಯರು ಎಂದು ಹೆಸರು. ಬ್ಯಾಂಕಿನಲ್ಲಿದ್ದಷ್ಟು ಕಾಲ ಯಾರಿಗೂ ಸುಲಭಕ್ಕೆ ಸಾಲ ಮಂಜೂರು ಮಾಡಿದವರಲ್ಲ. ನಿವೃತ್ತಿಯಾದ ಮೇಲೆ ಮಳೆಯನ್ನು ಮಾತ್ರ ಕೇಳದವರಿಗೂ ಮಂಜೂರು ಮಾಡುತ್ತಾರೆ.

“ಇವತ್ತು ನಾಲ್ಕೂವರೆಗೆ ಹಿಡ್ಕೊಳ್ಳುತ್ತೆ, ನೋಡ್ತಿರಿ.”

ಆಧಾರ ಕೇಳಿದಿರೋ ಕೆಟ್ಟಿರಿ. “ಬೆವರಲ್ಲಿ ಎರಡು ಥರ ಸ್ವಾಮಿ. ಬಿಸಿಲಿನ ಬೆವರು ಒಣಗುತ್ತೆ, ಮಳೆ ಸೆಕೆದು ಅಂಟುತ್ತೆ. ಮುಟ್ಟಿ ನೋಡಿ” ಎಂದು ಮುಂಗೈ ಚಾಚುತ್ತಾರೆ. ಮುಟ್ಟದೆಯೇ ಒಪ್ಪಿಕೊಳ್ಳುವುದು ನಮ್ಮ ಬೀದಿಯ ಶಿಷ್ಟಾಚಾರ.

ಅವರ ವಿಜ್ಞಾನ ಸುಳ್ಳೇನಲ್ಲ. ಭೂಮಿಯೆಂದರೆ ಇಡ್ಲಿ ಪಾತ್ರೆ. ಬೆಳಗಿನಿಂದ ಬಿಸಿಲು ಉರಿ ಹಾಕುತ್ತದೆ, ತೇವದ ಗಾಳಿ ಮೇಲಕ್ಕೇರಿ ತಣ್ಣಗಾಗಿ ಮೋಡ ಕಟ್ಟುತ್ತದೆ, ಮಧ್ಯಾಹ್ನ ಕಳೆಯುವಷ್ಟರಲ್ಲಿ ಗುಡುಗು. ಮುಂಗಾರಿಗೆ ಮುಂಚಿನ ಮಳೆ ಬೆಳಗಿನ ಕಾಫಿಗೆ ಬರದೆ ಸಂಜೆಯ ಬೋಂಡಾಕ್ಕೆ ಬರುವುದು ಇದಕ್ಕೇ.

ಅವರು ಎಂದೂ ಸೋಲುವುದಿಲ್ಲ. ಗುಟ್ಟು ಹವಾಮಾನ ಇಲಾಖೆಯ ಭಾಷೆಯಲ್ಲಿದೆ. ‘ಒಂದೆರಡು ಕಡೆ ಮಳೆ’ ಎಂದರೆ ಶೇ 25ರಷ್ಟು ಅಥವಾ ಅದಕ್ಕೂ ಕಡಿಮೆ ಮಾಪನ ಕೇಂದ್ರಗಳಲ್ಲಿ ಎಂದರ್ಥ. ಆ ‘ಒಂದೆರಡು ಕಡೆ’ಗಳಲ್ಲಿ ನಮ್ಮ ಬೀದಿ ಇರಲೇಬೇಕೆಂದು ಯಾರು ಹೇಳಿದರು? ಇಲ್ಲಿ ಹನಿ ಬೀಳದಿದ್ದರೆ ಯಲಹಂಕದಲ್ಲಿ ಬಿದ್ದಿರುತ್ತದೆ, ಅಲ್ಲೂ ಇಲ್ಲವೆಂದರೆ ಕನಕಪುರದಲ್ಲಿ. ಎಲ್ಲೂ ಇಲ್ಲವೆಂದರೆ, “ಮೋಡ ಬಂದಿತ್ತು ಕಣ್ರೀ, ಗಾಳಿ ಹೊತ್ಕೊಂಡು ಹೋಯ್ತು.”

ಇಂಥವರನ್ನೂ 2024ರ ಏಪ್ರಿಲ್ ಅಲ್ಲಾಡಿಸಿಬಿಟ್ಟಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವಿದ್ದ ಬೇಸಿಗೆ ಅದು. ತಿಂಗಳಿಡೀ ನಗರದ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆ ಬರಲಿಲ್ಲ. ಇಡ್ಲಿ ಪಾತ್ರೆಯ ತಳದಲ್ಲಿ ನೀರೇ ಇಲ್ಲದೆ ಬರೀ ಉರಿ. 28ರಂದು 38.5 ಡಿಗ್ರಿ. ರಾಯರಿಗೆ ಅದಕ್ಕಿಂತ ನೋವಾದದ್ದು, ಬಯಲು ಸೀಮೆಯಲ್ಲಿ 40 ಮುಟ್ಟದಿದ್ದರೆ ‘ಬಿಸಿಗಾಳಿ’ ಎಂದು ಇಲಾಖೆ ಒಪ್ಪುವುದಿಲ್ಲ ಎಂಬುದು. “ಒಂದೂವರೆ ಮಾರ್ಕಲ್ಲಿ ಫೇಲು!” ಸಮಾಧಾನಕ್ಕೆ ರಾಯಚೂರಿನ ಬೀಗರಿಗೆ ಫೋನ್ ಮಾಡಿದರೆ, “ಮೂವತ್ತೆಂಟು ಏನ್ರೀ? ಅಷ್ಟು ನಮ್ಮಲ್ಲಿ ಮುಂಜಾನಿ ಹತ್ತಕ್ಕೇ ಆಗಿರ್ತೈತಿ” ಎಂದು ಅವರು ನಕ್ಕರಂತೆ.

ಈ ಹವಾಮಾನ ಕೇಂದ್ರವನ್ನು ಸರಿಯಾಗಿ ಓದಬಲ್ಲವರು ಒಬ್ಬರೇ, ರಾಯರ ಹೆಂಡತಿ. ಗಂಡ ಮಳೆ ಎಂದ ದಿನವೇ ಆಕೆ ಮಹಡಿಯ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಡುವುದು. ಆ ಏಪ್ರಿಲ್‌ನಲ್ಲಿ ರಾಯರು ದಿನಾ ಮಳೆ ಎಂದರು, ಆಕೆ ದಿನಾ ಇಟ್ಟರು. ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲ ಆಗಿ, ಡಬ್ಬ ಸಾಲದೆ ನಮ್ಮಲ್ಲಿಂದ ಎರಡು ಕಡ ಒಯ್ದರು.

ಮೇ ಮೊದಲ ವಾರದ ಹೊತ್ತಿಗೆ ಭರಣಿ ಮಳೆ ಹುಟ್ಟಿತ್ತು, ಕ್ಯಾಲೆಂಡರಿನಲ್ಲಿ ಮಾತ್ರ. ಒಂದು ಬೆಳಿಗ್ಗೆ ರಾಯರು ಕೊಡೆಯಿಲ್ಲದೆ ಬಂದರು. “ಈ ವರ್ಷ ಇಲ್ಲ ಬಿಡಿ” ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ಹಾಲಿನವನೂ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ. ನಾನು ಮನೆಗೆ ಬಂದು ಶುಭ ಸಮಾಚಾರ ಮುಟ್ಟಿಸಿದೆ. ನಮ್ಮವಳು ಧೈರ್ಯವಾಗಿ ಹಿಟ್ಟು ಕಾಯಿಸಿ ಮಹಡಿ ಹತ್ತಿದಳು.

ಮಧ್ಯಾಹ್ನ ಎರಡಕ್ಕೆ ರಾಯರ ಹೆಂಡತಿ ತಮ್ಮ ಪಂಚೆ ಸುತ್ತಿಕೊಂಡು ಕೆಳಗಿಳಿದದ್ದನ್ನು ನಾನು ಕಂಡೆ. ಕಂಡೂ ಅರ್ಥವಾಗಲಿಲ್ಲ. ಸಂಜೆ ಗುಡುಗಿತು, ದೂಳೆದ್ದಿತು, ಗುಲ್‌ಮೊಹರಿನ ಕೊಂಬೆ ಮುರಿದು ಬೀದಿಗೆ ಬಿತ್ತು, ಮಳೆ ಹೊಡೆಯಿತು. ನಮ್ಮ ಎರಡು ಸೇರಕ್ಕಿಯ ಸಂಡಿಗೆ ಗಂಜಿಯಾಗಿ ಮೋರಿ ಸೇರಿತು.